ಗುಜರಾತಿನ ಸಾರ್ವಜನಿಕ ಆಸ್ಪತ್ರೆಗಳೂ ತಜ್ಞವೈದ್ಯರ ನೆಲೆಯೂ
(ಅಹಮದಾಬಾದು, ವಡೋದರಾ, ಸೂರತ್ತುಗಳ ಅನುಭವ)

ಅಹಮದಾಬಾದಿನ ಅಸಾರವಾದಲ್ಲಿರುವ ಸಿವಿಲ್ ಆಸ್ಪತ್ರೆಯ ಹೆಬ್ಬಾಗಿಲನ್ನು ರೋಗಿಯಾಗಿಯೋ ರೋಗಿಯ ಜೊತೆಗಾರನಾಗಿಯೋ ದಾಟಿದ ಕನ್ನಡಿಗರು ನಮ್ಮಲ್ಲಿ ಅನೇಕರಿದ್ದಾರೆ. ಬೆಳಗ್ಗೆ ಅಲ್ಲಿಯ ಹೊರರೋಗಿಗಳ ವಿಭಾಗದ ಮುಂದೆ ನಿಲ್ಲುವ ಸಾಲನ್ನು ಸ್ವಲ್ಪ ಗಮನಿಸಿ ನೋಡಿದರೆ ಅದರಲ್ಲಿ ನಗರವಾಸಿಗಳಷ್ಟೇ ಅಲ್ಲದೆ ಬನಾಸಕಾಂಠಾ, ಸಾಬರಕಾಂಠಾ ಜಿಲ್ಲೆಗಳ ಒಕ್ಕಲಿಗರೂ ರಾಜಸ್ಥಾನದ ಗಡಿಯ ಹಳ್ಳಿಗಳಿಂದ ಬಂದವರೂ ಕಾಣುತ್ತಾರೆ. ಇವರು ದಾರಿಯಲ್ಲಿ ಒಂದೆರಡಾದರೂ ತಾಲ್ಲೂಕು ಆಸ್ಪತ್ರೆಗಳನ್ನು ಹಿಂದೆ ಬಿಟ್ಟು ಬಂದಿರುತ್ತಾರೆ. ಆ ಆಸ್ಪತ್ರೆಗಳಲ್ಲಿ ಕಟ್ಟಡವಿದೆ, ಹಾಸಿಗೆಗಳಿವೆ, ಹಲವೆಡೆ ಶಸ್ತ್ರಚಿಕಿತ್ಸೆಯ ಕೊಠಡಿಯೂ ಇದೆ. ಇಲ್ಲದಿರುವುದು ಒಂದೇ: ಆ ಕೊಠಡಿಯಲ್ಲಿ ಕೆಲಸಮಾಡಬೇಕಾದ ತಜ್ಞವೈದ್ಯ.

ತಜ್ಞವೈದ್ಯರನ್ನು ಸಾರ್ವಜನಿಕ ಸೇವೆಗೆ ಕರೆತರುವುದು ಹೇಗೆ, ಬಂದವರನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯನ್ನು ಇಂದಿನ ಆಡಳಿತದ ಸಮಸ್ಯೆಯೆಂದೇ ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಇದಕ್ಕೆ ಸುಮಾರು ಒಂದೂವರೆ ಶತಮಾನದ ಇತಿಹಾಸವುಂಟು. ಆ ಇತಿಹಾಸದ ಬಹುಭಾಗವನ್ನು ನಾವು ನೆಲಸಿರುವ ಈ ಮೂರು ನಗರಗಳಲ್ಲಿಯೇ ಓದಬಹುದು. ಕರೆತರುವುದೂ ಉಳಿಸಿಕೊಳ್ಳುವುದೂ ಬೇರೆ ಬೇರೆ ಕಾರ್ಯಗಳೆಂಬುದು, ಮೊದಲನೆಯದನ್ನು ಸಾಧಿಸುವ ಹಣ ಮತ್ತು ಕರಾರುಗಳು ಎರಡನೆಯದನ್ನು ಸಾಧಿಸಲಾರವೆಂಬುದು ಈ ಇತಿಹಾಸದಿಂದ ಹೊರಡುವ ಪಾಠ. ಅದನ್ನು ಸಾಧ್ಯವಾದಷ್ಟು ಸ್ಪಷ್ಟಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

೧

ಮೊದಲಿಗೆ ನಮ್ಮ ನಾಡಿಗೂ ಗುಜರಾತಿಗೂ ಈ ವಿಷಯದಲ್ಲಿದ್ದ ಹಳೆಯ ಸಂಬಂಧವನ್ನು ನೆನೆಯಬೇಕು. ೧೯೫೬ನೆಯ ನವೆಂಬರ್ ೧ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಅಹಮದಾಬಾದು, ಸೂರತ್ತುಗಳಂತೆಯೇ ಮುಂಬಯಿಯ ಆಡಳಿತಕ್ಕೆ ಸೇರಿದ್ದವು. ಧಾರವಾಡದ ಸಿವಿಲ್ ಸರ್ಜನನೂ ಅಹಮದಾಬಾದಿನ ಸಿವಿಲ್ ಸರ್ಜನನೂ ಒಂದೇ ಇಲಾಖೆಯ ಅಧಿಕಾರಿಗಳು. ಆ ಸ್ಥಾನಗಳನ್ನು ಬಹುಕಾಲ ತುಂಬಿದವರು ಇಂಡಿಯನ್ ಮೆಡಿಕಲ್ ಸರ್ವಿಸಿನ ಸೈನಿಕ ವೈದ್ಯರು. ೧೮೫೫ರಿಂದ ಆ ಸೇವೆಗೆ ಸ್ಪರ್ಧಾಪರೀಕ್ಷೆಯ ಮೂಲಕ ಆಯ್ಕೆ ನಡೆಯತೊಡಗಿತಾದರೂ ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ. ಸಂಬಳ, ಅಧಿಕಾರ, ಬಂಗಲೆ, ಇವುಗಳ ಜೊತೆಗೆ ಖಾಸಗಿಯಾಗಿ ಚಿಕಿತ್ಸೆಮಾಡಿ ಹಣ ಪಡೆಯುವ ಅನುಮತಿಯೂ ಸಿವಿಲ್ ಸರ್ಜನನಿಗಿತ್ತು. ಸರಕಾರದ ಉನ್ನತ ವೈದ್ಯನನ್ನು ಉಳಿಸಿಕೊಳ್ಳಲು ಅವನ ಸಮಯದ ಒಂದು ಪಾಲನ್ನು ಅವನಿಗೇ ಬಿಟ್ಟುಕೊಡಬೇಕೆಂಬ ಪದ್ಧತಿ ಹೀಗೆ ಆರಂಭದಲ್ಲಿಯೇ ಬೇರೂರಿತು.

ಜಿಲ್ಲೆಯ ಮುಖ್ಯಸ್ಥಳದಿಂದಾಚೆಗೆ ತಾಲ್ಲೂಕಿನ ಔಷಧಾಲಯವನ್ನು ನಡೆಸಿದವನು ಇನ್ನೊಬ್ಬ: ಹಾಸ್ಪಿಟಲ್ ಅಸಿಸ್ಟೆಂಟ್. ಇಂಥವರನ್ನು ಸಿದ್ಧಪಡಿಸುವುದಕ್ಕಾಗಿಯೇ ಅಹಮದಾಬಾದಿನಲ್ಲಿ ೧೮೭೧ರಲ್ಲಿ ಹದಿನಾಲ್ಕು ಮಂದಿ ವಿದ್ಯಾರ್ಥಿಗಳಿಂದ ವೈದ್ಯಶಾಲೆಯೊಂದು ಆರಂಭವಾಯಿತು. ೧೮೭೯ರಲ್ಲಿ ಬೈರಾಮಜಿ ಜೀಜೀಭಾಯಿಯವರು ೨೦,೦೦೦ ರೂಪಾಯಿಗಳ ದಾನವಿತ್ತುದರಿಂದ ಶಾಲೆಗೆ ಅವರ ಹೆಸರು ಬಂದಿತು. ಪುಣೆಯ ವೈದ್ಯಶಾಲೆಗೂ ಅವರದೇ ಹೆಸರು. ಎರಡು ಊರುಗಳ ಬಿ. ಜೆ. ಕಾಲೇಜುಗಳನ್ನು ಒಂದೇ ಎಂದು ನಮ್ಮವರು ಎಷ್ಟೋ ಸಲ ಭ್ರಮಿಸುವುದಕ್ಕೆ ಇದೇ ಕಾರಣ. ಅಹಮದಾಬಾದಿನ ಶಾಲೆ ೧೯೧೭ರಲ್ಲಿ ಮುಂಬಯಿಯ ಕಾಲೇಜ್ ಆಫ್ ಫಿಜಿಷಿಯನ್ಸ್ ಅಂಡ್ ಸರ್ಜನ್ಸ್ ಸಂಸ್ಥೆಗೆ ಸೇರಿ ಎಲ್. ಸಿ. ಪಿ. ಎಸ್. ಪದವಿಗೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸತೊಡಗಿತು. ೧೯೪೬ರಲ್ಲಿ ಪೂರ್ಣಪ್ರಮಾಣದ ಕಾಲೇಜಾಯಿತು.

ಅದೇ ೧೯೪೬ರಲ್ಲಿ ಸರ್ ಜೋಸೆಫ್ ಭೋರ್ ಸಮಿತಿಯ ವರದಿ ಹೊರಬಂದುದು ಕೇವಲ ಕಾಕತಾಳೀಯವಲ್ಲ. ಕಾಲದ ಮನೋಭಾವ ಎರಡರಲ್ಲಿಯೂ ಒಂದೇ. ಆಗ ದೇಶದಲ್ಲಿ ನೋಂದಾಯಿತ ವೈದ್ಯರು ಸುಮಾರು ೪೭,೦೦೦. ಅವರಲ್ಲಿ ೩೦,೦೦೦ದಷ್ಟು ಮಂದಿ ಲೈಸೆನ್ಷಿಯೇಟರು, ಅಂದರೆ ಪದವೀಧರರಲ್ಲದ ಶಾಲಾವೈದ್ಯರು. ಇನ್ನು ಮುಂದೆ ಒಂದೇ ದರ್ಜೆಯ ವೈದ್ಯನಿರಬೇಕು, ಅವನು ವಿಶ್ವವಿದ್ಯಾಲಯದ ಪದವೀಧರನಾಗಿರಬೇಕು, ಸರಕಾರದ ಪೂರ್ಣಾವಧಿ ವೈದ್ಯನಿಗೆ ಖಾಸಗಿ ವೃತ್ತಿ ಕೂಡದು ಎಂದು ಸಮಿತಿ ಶಿಫಾರಸು ಮಾಡಿತು. ಲೈಸೆನ್ಷಿಯೇಟರ ಶಿಕ್ಷಣವನ್ನು ನಿಲ್ಲಿಸಬಾರದೆಂದು ಸಮಿತಿಯ ಕೆಲವು ಸದಸ್ಯರು ಭಿನ್ನಮತ ಬರೆದರು. ಅದು ಮನ್ನಣೆ ಪಡೆಯಲಿಲ್ಲ.

ಬಡವನಿಗೆ ಅರೆಕಲಿತ ವೈದ್ಯನೇ ಸಾಕೆಂಬ ಭಾವನೆಯನ್ನು ತಿರಸ್ಕರಿಸಿದ ಸಮಿತಿಯ ಆಶಯ ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಾಲ್ಲೂಕಿನಲ್ಲಿ ನೆಲಸಿದ್ದ ವೈದ್ಯವರ್ಗ ಒಂದು ತಲೆಮಾರಿನಲ್ಲಿ ಕರಗಿಹೋಯಿತು. ಹೊಸ ಪದವೀಧರನ ಕಣ್ಣು ಸ್ನಾತಕೋತ್ತರ ಪದವಿಯ ಮೇಲೆ. ಸ್ನಾತಕೋತ್ತರನ ಕಣ್ಣು ನಗರದ ಮೇಲೆ. ಹಳೆಯ ಸೋಪಾನವನ್ನು ತೆಗೆದುಹಾಕಿದರೇ ಹೊರತು, ಮೇಲಿನ ಮೆಟ್ಟಿಲಿನವನು ಕೆಳಗಿಳಿದು ಬರುವುದಕ್ಕೆ ಬೇರೊಂದು ದಾರಿಯನ್ನು ನಿರ್ಮಿಸಲಿಲ್ಲ.

೨

ಬ್ರಿಟಿಷ್ ಪ್ರಾಂತದ ಕ್ರಮ ಹೀಗಿದ್ದರೆ, ಸಯಾಜಿರಾವ್ ಗಾಯಕವಾಡರ ಬಡೋದೆ ಸಂಸ್ಥಾನ ಬೇರೊಂದು ಮಾರ್ಗವನ್ನು ಹಿಡಿಯಿತು. ೧೮೭೫ರಿಂದ ೧೯೩೯ರವರೆಗೆ ಆಳಿದ ಈ ಮಹಾರಾಜರು ಸಿದ್ಧರಾದ ತಜ್ಞರನ್ನು ಹೊರಗಿನಿಂದ ತರಿಸುವುದರ ಜೊತೆಗೆ, ಪ್ರತಿಭಾವಂತ ತರುಣರಿಗೆ ವಿದ್ಯಾರ್ಥಿವೇತನವಿತ್ತು ವಿದೇಶಕ್ಕೆ ಕಳುಹಿಸಿ, ಹಿಂದಿರುಗಿದ ಮೇಲೆ ಸಂಸ್ಥಾನದ ಸೇವೆಮಾಡುವಂತೆ ಮುಚ್ಚಳಿಕೆ ಬರೆಸಿಕೊಳ್ಳುವ ಪದ್ಧತಿಯನ್ನು ನಡೆಸಿದರು. ಇಂದು ವೈದ್ಯ ವಿದ್ಯಾರ್ಥಿಗಳಿಂದ ಸರಕಾರಗಳು ಬರೆಸಿಕೊಳ್ಳುವ ‘ಬಾಂಡ್’ ಎಂಬುದರ ಒಂದು ಹಿರಿಯ ರೂಪವಿದು.

ಈ ಮುಚ್ಚಳಿಕೆಯ ಬಲವೆಷ್ಟು, ಮಿತಿಯೆಷ್ಟು ಎಂಬುದನ್ನು ತಿಳಿಯಲು ವೈದ್ಯರಲ್ಲದ ಒಬ್ಬರ ಪ್ರಸಂಗವನ್ನೇ ನೋಡಬೇಕು. ೧೯೧೩ರ ಜೂನ್ ತಿಂಗಳಲ್ಲಿ ಭೀಮರಾವ್ ಅಂಬೇಡಕರರು ಬಡೋದೆಯ ವಿದ್ಯಾರ್ಥಿವೇತನದ ಕರಾರಿಗೆ ಸಹಿಮಾಡಿ ಅಮೆರಿಕೆಗೆ ಹೊರಟರು. ವಿದ್ಯಾಭ್ಯಾಸ ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆಮಾಡಬೇಕೆಂಬುದು ಕರಾರು. ೧೯೧೭ರಲ್ಲಿ ಅವರು ಮಾತಿನಂತೆ ಬಡೋದೆಗೆ ಬಂದರು. ಹುದ್ದೆಯಿತ್ತು, ಸಂಬಳವಿತ್ತು, ಮಹಾರಾಜರ ಅನುಗ್ರಹವೂ ಇತ್ತು. ಆದರೆ ಅಸ್ಪೃಶ್ಯರೆಂಬ ಕಾರಣದಿಂದ ಊರಿನಲ್ಲಿ ಅವರಿಗೆ ಬಾಡಿಗೆಗೆ ಮನೆ ದೊರೆಯಲಿಲ್ಲ. ಕಚೇರಿಯಲ್ಲಿ ಗೌರವ ದೊರೆಯಲಿಲ್ಲ. ಪಾರಸಿಗಳ ವಸತಿಗೃಹವೊಂದರಲ್ಲಿ ಹೆಸರು ಮರೆಸಿಕೊಂಡು ಉಳಿದುಕೊಂಡಿದ್ದವರನ್ನು ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಹೊರಡಿಸಿತು. ಹತ್ತು ವರ್ಷಗಳ ಕರಾರು ಹನ್ನೊಂದು ದಿನಗಳಲ್ಲಿ ಮುರಿದುಬಿತ್ತು.

ಈ ಪ್ರಸಂಗದ ಮುಖ್ಯ ಅರ್ಥ ಸಾಮಾಜಿಕ ನ್ಯಾಯಕ್ಕೆ ಸಂಬಂಧಿಸಿದ್ದು. ಅದನ್ನು ಆಡಳಿತದ ದೃಷ್ಟಾಂತವಾಗಿ ಕುಗ್ಗಿಸುವುದು ನಮ್ಮ ಇಚ್ಛೆಯಲ್ಲ. ಆದರೂ ನಮ್ಮ ವಿಷಯಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಮತ್ತೊಂದು ದೊರೆಯದು. ಸರಕಾರ ಹುದ್ದೆಯನ್ನು ಕೊಡಬಲ್ಲುದು. ಮನೆಯನ್ನೂ ಮರ್ಯಾದೆಯನ್ನೂ ಕೊಡಬೇಕಾದುದು ಊರು. ಊರು ಕೊಡದಿದ್ದಲ್ಲಿ ಸರಕಾರವೇ ಅದಕ್ಕೆ ಏರ್ಪಾಡು ಮಾಡಬೇಕು. ಇಂದು ದೂರದ ತಾಲ್ಲೂಕಿಗೆ ನೇಮಕಗೊಂಡ ಪ್ರಸೂತಿತಜ್ಞೆಯೊಬ್ಬಳು ಮೊದಲು ಕೇಳುವ ಪ್ರಶ್ನೆ ಸಂಬಳದ್ದಾಗಿರಲಾರದು. ರಾತ್ರಿ ಎರಡು ಗಂಟೆಗೆ ಕರೆ ಬಂದರೆ ನಾನು ಎಲ್ಲಿಂದ ಹೊರಡಬೇಕು, ನನ್ನ ಮಗು ಯಾರ ಬಳಿಯಲ್ಲಿರಬೇಕು ಎಂಬುದಾಗಿರಬಹುದು. ಇದನ್ನು ಭೋಗದ ಬಯಕೆಯೆಂದು ತಳ್ಳಿಹಾಕುವವರು ಬಡೋದೆಯ ಆ ಹನ್ನೊಂದು ದಿನಗಳನ್ನು ನೆನೆಯಬೇಕು.

ಬಡೋದೆ ಸಂಸ್ಥಾನ ೧೯೪೯ನೆಯ ಮೇ ೧ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದೇ ವರ್ಷ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯವೂ ಬಡೋದೆಯ ವೈದ್ಯಕೀಯ ಕಾಲೇಜೂ ಹುಟ್ಟಿದವು. ಲೇಡಿ ಡಫರಿನ್ನರ ಹೆಸರಿನಲ್ಲಿದ್ದ ಹಳೆಯ ಆಸ್ಪತ್ರೆ ಇಂದು ಸಯಾಜಿರಾವ್ ಜನರಲ್ ಆಸ್ಪತ್ರೆಯಾಗಿ ಆ ಕಾಲೇಜಿನ ಆಧಾರವಾಗಿದೆ. ಕಾಲೇಜಿನೊಂದಿಗೆ ಬೋಧನೆ ಬಂತು, ಬೋಧನೆಯೊಂದಿಗೆ ತಜ್ಞರು ಬಂದರು. ಛೋಟಾ ಉದೇಪುರದ ಆದಿವಾಸಿ ಹಳ್ಳಿಗಳಿಂದಲೂ ಮಧ್ಯಪ್ರದೇಶದ ಆಲಿರಾಜಪುರದ ಕಡೆಯಿಂದಲೂ ರೋಗಿಗಳು ಇಂದಿಗೂ ಅಲ್ಲಿಗೆ ಬರುತ್ತಾರೆ. ಶಿಷ್ಯರಿರುವಲ್ಲಿ ಗುರು ಉಳಿಯುತ್ತಾನೆಂಬುದನ್ನು ಈ ಆಸ್ಪತ್ರೆ ತೋರಿಸುತ್ತದೆ.

೩

ಅಹಮದಾಬಾದಿನ ಅನುಭವ ಇನ್ನೊಂದು ಬಗೆಯದು. ಇಲ್ಲಿ ಹಣವಂತರ ದಾನಬುದ್ಧಿ ಹಿಂದಿನಿಂದಲೂ ಪ್ರಬಲ. ೧೮೫೮ರ ಹಳೆಯ ಸಿವಿಲ್ ಆಸ್ಪತ್ರೆಗೆ ಹಠೀಸಿಂಗ್ ಮತ್ತು ಪ್ರೇಮಾಭಾಯಿ ಎಂಬ ಶ್ರೇಷ್ಠಿಗಳ ಹೆಸರಿದ್ದಿತು; ೧೯೩೧ರಲ್ಲಿ ತೆರೆದ ವಾಡೀಲಾಲ್ ಸಾರಾಭಾಯಿ ಆಸ್ಪತ್ರೆ ದಾನಿಗಳೂ ನಗರಸಭೆಯೂ ಕೈಜೋಡಿಸಿದುದರ ಫಲ. ಮುಂಬಯಿ ಪ್ರಾಂತದ ದೊಡ್ಡ ಆಸ್ಪತ್ರೆಗಳಲ್ಲಿ ಆಗ ‘ಆನರರಿ’ ಪದ್ಧತಿ ರೂಢಿಯಲ್ಲಿತ್ತು. ನಗರದ ಹೆಸರಾಂತ ಶಸ್ತ್ರವೈದ್ಯ ಬೆಳಗಿನ ಹೊತ್ತು ಸಾರ್ವಜನಿಕ ಆಸ್ಪತ್ರೆಯಲ್ಲಿ ಸಂಬಳವಿಲ್ಲದೆಯೋ ಅಲ್ಪ ಗೌರವಧನಕ್ಕೋ ದುಡಿದು, ಮಧ್ಯಾಹ್ನದ ಮೇಲೆ ಸ್ವಂತ ವೃತ್ತಿಯನ್ನು ನಡೆಸುತ್ತಿದ್ದನು. ಆಸ್ಪತ್ರೆಗೆ ವೆಚ್ಚವಿಲ್ಲದೆ ನುರಿತ ಕೈ ದೊರೆಯಿತು. ವೈದ್ಯನಿಗೆ ಕೀರ್ತಿಯೂ ಅನುಭವವೂ ಶಿಷ್ಯರೂ ದೊರೆತರು. ನಿಷ್ಠೆಯಿಂದ ಈ ಸೇವೆ ಸಲ್ಲಿಸಿದವರ ಋಣ ದೊಡ್ಡದು. ಆದರೆ ಈ ವ್ಯವಸ್ಥೆಗೆ ಹಣವಂತ ರೋಗಿಗಳಿರುವ ನಗರವೇ ಬೇಕು. ದಾಹೋದಿನಲ್ಲಿ, ಆಹವಾದಲ್ಲಿ ಆನರರಿ ವೈದ್ಯ ಜೀವಿಸಲಾರ. ಇದರಿಂದ ನಗರದ ಕೊರತೆ ನೀಗಿತೇ ಹೊರತು ನಾಡಿನದಲ್ಲ.

೧೯೬೦ರ ಮೇ ೧ರಂದು ಗುಜರಾತು ಪ್ರತ್ಯೇಕ ರಾಜ್ಯವಾದಾಗ ಅಲ್ಲಿದ್ದ ವೈದ್ಯಕೀಯ ಕಾಲೇಜುಗಳು ಮೂರು: ಅಹಮದಾಬಾದು, ಬಡೋದೆ, ೧೯೫೫ರಲ್ಲಿ ಸ್ಥಾಪಿತವಾದ ಜಾಮನಗರ. ೧೯೬೩ರಲ್ಲಿ ಅಹಮದಾಬಾದಿನ ನಗರಸಭೆ ತನ್ನದೇ ಕಾಲೇಜನ್ನು ತೆರೆಯಿತು; ಮರುವರ್ಷ ಸೂರತ್ತಿನಲ್ಲಿ ಸರಕಾರಿ ಕಾಲೇಜು ಆರಂಭವಾಯಿತು. ಆದರೆ ಇಲ್ಲಿ ಕಲಿತ ಅತಿ ಸಮರ್ಥರಲ್ಲಿ ಅನೇಕರು ಇಂಗ್ಲೆಂಡು, ಅಮೆರಿಕ, ಕೆನಡಾಗಳ ದಾರಿ ಹಿಡಿದರು. ಹೋದವರನ್ನು ಹಿಂದಕ್ಕೆ ತರುವ ಪ್ರಶ್ನೆ ಹೀಗೆ ಎದ್ದಿತು.

ಈ ಪ್ರಶ್ನೆಗೆ ದೊರೆತ ಒಂದು ಉತ್ತರ ಡಾ. ಎಚ್. ಎಲ್. ತ್ರಿವೇದಿಯವರದು. ಸೌರಾಷ್ಟ್ರದಲ್ಲಿ ಹುಟ್ಟಿ, ಬಿ. ಜೆ. ಕಾಲೇಜಿನಲ್ಲಿ ಓದಿ, ಅಮೆರಿಕೆಯಲ್ಲಿ ಹೆಚ್ಚಿನ ಶಿಕ್ಷಣ ಪಡೆದು, ಕೆನಡಾದ ಹ್ಯಾಮಿಲ್ಟನ್ನಿನಲ್ಲಿ ಮೂತ್ರಪಿಂಡ ತಜ್ಞರಾಗಿ ನೆಲೆಯೂರಿದ್ದ ಇವರು ೧೯೭೭ರಲ್ಲಿ ಅಹಮದಾಬಾದಿಗೆ ಮರಳಿ ತಾವು ಓದಿದ ಕಾಲೇಜಿನಲ್ಲಿಯೇ ಅಧ್ಯಾಪಕರಾದರು. ಹಾಗೆ ಬಂದವರು ಬೇರೆಯವರೂ ಇದ್ದಾರು. ಬಂದು, ಬೇಸತ್ತು, ಹೊರಟುಹೋದವರೂ ಇದ್ದಾರು. ತ್ರಿವೇದಿಯವರು ಉಳಿದರು. ಸಿವಿಲ್ ಆಸ್ಪತ್ರೆಯ ಆವರಣದಲ್ಲಿಯೇ ಸರಕಾರದ ಒಪ್ಪಂದ ಮತ್ತು ದಾನಿಗಳ ನೆರವಿನಿಂದ ಮೂತ್ರಪಿಂಡ ರೋಗಗಳ ಸ್ವಾಯತ್ತ ಸಂಸ್ಥೆ ರೂಪುಗೊಂಡು, ೧೯೯೦ರ ದಶಕದ ವೇಳೆಗೆ ದೇಶದಲ್ಲಿ ಗಣ್ಯವಾದ ಕಸಿ ಚಿಕಿತ್ಸೆಯ ಕೇಂದ್ರವಾಯಿತು. ೨೦೧೯ರ ಅಕ್ಟೋಬರ್ ೨ರಂದು ಅವರು ನಿಧನರಾಗುವವರೆಗೂ ಅವರ ಹೆಸರೂ ಆ ಸಂಸ್ಥೆಯ ಹೆಸರೂ ಬೇರೆಯಾಗಲಿಲ್ಲ.

ಅವರು ಉಳಿದುದಕ್ಕೆ ವ್ಯಕ್ತಿಯ ತ್ಯಾಗವೊಂದನ್ನೇ ಕಾರಣವಾಗಿ ಹೇಳಿದರೆ ಇತಿಹಾಸಕ್ಕೆ ಅನ್ಯಾಯ. ಸ್ವಾಯತ್ತತೆಯೆಂದರೆ ಯಂತ್ರವೊಂದು ಕೆಟ್ಟರೆ ಸಚಿವಾಲಯದ ಕಡತಕ್ಕಾಗಿ ಕಾಯದೆ ದುರಸ್ತಿ ಮಾಡಿಸುವ ಅಧಿಕಾರ. ತನ್ನ ತಂಡವನ್ನು ತಾನೇ ಆರಿಸಿಕೊಳ್ಳುವ ಅವಕಾಶ. ಕಟ್ಟಿದ ತಂಡ ಮುಂದಿನ ವರ್ಷ ವರ್ಗಾವಣೆಯಿಂದ ಚದರಿಹೋಗದೆಂಬ ಭರವಸೆ. ರಾಜ್ಯ ಸರಕಾರವೂ ಗುಜರಾತ್ ಕ್ಯಾನ್ಸರ್ ಸೊಸೈಟಿಯೂ ಸೇರಿ ೧೯೭೨ರಲ್ಲಿ ಸ್ಥಾಪಿಸಿದ ಕ್ಯಾನ್ಸರ್ ಸಂಸ್ಥೆಯೂ, ಬಳಿಕ ಬಂದ ಯು. ಎನ್. ಮೆಹತಾ ಹೃದ್ರೋಗ ಸಂಸ್ಥೆಯೂ ಇದೇ ಮಾದರಿಯವು. ನಮ್ಮ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯನ್ನು ಬಲ್ಲವರಿಗೆ ಈ ಮಾದರಿ ಅಪರಿಚಿತವಲ್ಲ. ವಿಕ್ಟೋರಿಯಾ ಆಸ್ಪತ್ರೆಯ ಆಶ್ರಯದಲ್ಲಿ ಬೆಳೆದು ಸ್ವಾಯತ್ತವಾದ ಆ ಸಂಸ್ಥೆ ಸರಕಾರದ್ದಾಗಿಯೇ ಉಳಿದು ಜನರ ವಿಶ್ವಾಸವನ್ನು ಗಳಿಸಿತು.

ಆದರೆ ಜಯದೇವ ಸಂಸ್ಥೆಗೂ ಅಸಾರವಾದ ಸಂಸ್ಥೆಗಳಿಗೂ ಕೇಳಬೇಕಾದ ಪ್ರಶ್ನೆಯೊಂದಿದೆ: ದೀಪ ಒಂದೇ ಕಂಬದ ಮೇಲೆ ಉರಿದರೆ ಸಾಕೆ? ಒಂದೇ ಆವರಣದಲ್ಲಿ ಇಷ್ಟು ಮಂದಿ ಉನ್ನತ ತಜ್ಞರು ಕಲೆತಿರುವಾಗ, ಅಲ್ಲಿಗೆ ರೋಗಿಗಳನ್ನು ಕಳುಹಿಸುವ ಜಿಲ್ಲೆಗಳು ಬರಿದಾಗಿಯೇ ಉಳಿದರೆ ಸಂಸ್ಥೆಯ ಯಶಸ್ಸೇ ಅದರ ಮೇಲಿನ ಭಾರವಾಗುತ್ತದೆ. ಜಯದೇವ ಮೈಸೂರಿಗೂ ಕಲಬುರಗಿಗೂ ಶಾಖೆಗಳನ್ನು ಚಾಚಿದುದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ.

೪

ಸೂರತ್ತಿನ ಕಥೆಗೆ ಒಂದು ಕಠೋರ ಪರೀಕ್ಷೆಯ ದಿನಗಳಿವೆ. ೧೯೯೪ರ ಸೆಪ್ಟೆಂಬರ್ ತಿಂಗಳ ಮೂರನೆಯ ವಾರದ ಕೊನೆಗೆ ಆ ನಗರದಲ್ಲಿ ಪ್ಲೇಗಿನ ಸುದ್ದಿ ಹಬ್ಬಿತು. ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ರೈಲು, ಬಸ್ಸು, ಲಾರಿಗಳಲ್ಲಿ ಊರು ಬಿಟ್ಟರು. ಹಾಗೆ ಹೋದವರಲ್ಲಿ ಹೊರನಾಡುಗಳಿಂದ ಮಗ್ಗಗಳಿಗೂ ವಜ್ರದ ಕಾರ್ಖಾನೆಗಳಿಗೂ ದುಡಿಯಲು ಬಂದಿದ್ದವರು ಬಹುಸಂಖ್ಯಾತರು. ಖಾಸಗಿ ವೈದ್ಯರಲ್ಲಿ ಅನೇಕರು ಚಿಕಿತ್ಸಾಲಯಗಳಿಗೆ ಬೀಗ ಹಾಕಿ ಹೊರಟುಹೋದರು. ರೋಗಿಗಳು ಬಂದು ಸೇರಿದುದು ಮಜೂರಾ ದ್ವಾರದ ಬಳಿಯ ಹೊಸ ಸಿವಿಲ್ ಆಸ್ಪತ್ರೆಗೆ. ಐವತ್ತಕ್ಕೂ ಹೆಚ್ಚು ಮಂದಿ ಸತ್ತರು.

ಆ ದಿನಗಳಲ್ಲಿ ಸರಕಾರಿ ಆಸ್ಪತ್ರೆಯ ವಾರ್ಡುಗಳನ್ನು ನಡೆಸಿದವರಲ್ಲಿ ತಜ್ಞ ಅಧ್ಯಾಪಕರೂ, ಅವರ ಕೈಕೆಳಗೆ ಕಲಿಯುತ್ತಿದ್ದ ತರುಣ ರೆಸಿಡೆಂಟ್ ವೈದ್ಯರೂ, ದಾದಿಯರೂ ಇದ್ದರು. ಅವರು ಅಂಜಲಿಲ್ಲವೆಂದು ಹೇಳಲಾಗದು, ಅಂಜಿಯೂ ನಿಂತರು. ನಿಲ್ಲಲು ಅವರಿಗೆ ಸಾಧ್ಯವಾದುದು ಏಕೆ? ಖಾಸಗಿ ವೈದ್ಯ ಅಂಗಡಿಯಲ್ಲಿ ಒಬ್ಬನೇ. ಭಯ ಬಂದರೆ ಅವನ ಪಕ್ಕದಲ್ಲಿ ನಿಲ್ಲುವವರಿಲ್ಲ. ಮೂವತ್ತು ವರ್ಷಗಳಿಂದ ನಡೆದುಬಂದ ಬೋಧನಾ ಆಸ್ಪತ್ರೆಯಲ್ಲಿಯಾದರೋ ಗುರು, ಶಿಷ್ಯ, ಪ್ರಯೋಗಾಲಯ, ಸರದಿಯ ಪಾಳಿ, ಎಲ್ಲವೂ ಸೇರಿ ಒಂದು ಶರೀರ. ಇಂಥ ಶರೀರವನ್ನು ವಿಪತ್ತಿನ ಮರುದಿನ ಜಾಹೀರಾತು ಕೊಟ್ಟು ನಿರ್ಮಿಸಲಾಗದು. ೧೯೬೪ರಲ್ಲಿ ಕಾಲೇಜನ್ನು ತೆರೆದವರು ೧೯೯೪ಕ್ಕೆ ತಾವು ಮಾಡುತ್ತಿದ್ದ ಸಿದ್ಧತೆಯನ್ನು ಅರಿತಿರಲಾರರು.

ಪ್ಲೇಗಿನ ತರುವಾಯ, ೧೯೯೫ರಿಂದ, ನಗರಸಭೆಯ ಕಮಿಷನರಾಗಿದ್ದ ಎಸ್. ಆರ್. ರಾವ್ ಅವರ ಕಾಲದಲ್ಲಿ ಸೂರತ್ತು ತನ್ನ ನೈರ್ಮಲ್ಯವನ್ನು ಸುಧಾರಿಸಿಕೊಂಡುದು ಲೋಕಕ್ಕೆ ತಿಳಿದ ಸಂಗತಿ. ಆ ದಶಕದ ಕೊನೆಯ ಹೊತ್ತಿಗೆ ನಗರಸಭೆ ತನ್ನದೇ ಇನ್ನೊಂದು ವೈದ್ಯಕೀಯ ಕಾಲೇಜನ್ನೂ ಆಸ್ಪತ್ರೆಯನ್ನೂ ಸ್ಥಾಪಿಸಿತು. ಬೀದಿಯ ಕಸವನ್ನು ಎತ್ತಿಸುವುದರ ಜೊತೆಗೆ ತಜ್ಞರನ್ನು ನೆಲೆಗೊಳಿಸುವುದೂ ನಗರರಕ್ಷಣೆಯೇ ಎಂಬ ಅರಿವು ಇದರಲ್ಲಿ ಕಾಣುತ್ತದೆ.

೫

ಇನ್ನು ಮೊದಲು ಹೇಳಿದ ಸಾಲಿಗೆ, ಅಂದರೆ ತಾಲ್ಲೂಕಿನಿಂದ ಬಂದ ರೋಗಿಗೆ, ಹಿಂದಿರುಗೋಣ. ನಿಯಮದಂತೆ ಪ್ರತಿಯೊಂದು ಸಮುದಾಯ ಆರೋಗ್ಯ ಕೇಂದ್ರದಲ್ಲಿ ಶಸ್ತ್ರವೈದ್ಯ, ಸಾಮಾನ್ಯ ವೈದ್ಯತಜ್ಞ, ಪ್ರಸೂತಿತಜ್ಞ, ಮಕ್ಕಳ ತಜ್ಞ ಹೀಗೆ ನಾಲ್ವರಾದರೂ ಇರಬೇಕು. ಕೇಂದ್ರ ಸರಕಾರದ ಗ್ರಾಮೀಣ ಆರೋಗ್ಯ ಅಂಕಿಅಂಶಗಳ ಪ್ರಕಾರ ೨೦೨೧–೨೨ರಲ್ಲಿ ದೇಶದ ಗ್ರಾಮೀಣ ಕೇಂದ್ರಗಳಲ್ಲಿ ಈ ತಜ್ಞರ ಕೊರತೆ ನೂರಕ್ಕೆ ಸುಮಾರು ೮೦ರಷ್ಟಿತ್ತು. ಉದ್ಯಮದಲ್ಲಿಯೂ ಸಂಪತ್ತಿನಲ್ಲಿಯೂ ಮುಂದಿರುವ ಗುಜರಾತಿನಲ್ಲಿ ಕೊರತೆ ೨೦೧೦ರ ದಶಕದ ಕೊನೆಯಲ್ಲಿ ಅದಕ್ಕಿಂತಲೂ ಹೆಚ್ಚಾಗಿತ್ತು. ಸಂಪತ್ತಿರುವಲ್ಲಿ ಖಾಸಗಿ ವೃತ್ತಿಯ ಆಕರ್ಷಣೆಯೂ ಹೆಚ್ಚು. ಆದ್ದರಿಂದ ಇದು ವಿರೋಧಾಭಾಸವಾಗಿ ಕಂಡರೂ ವಿರೋಧಾಭಾಸವಲ್ಲ.

ಈ ಕೊರತೆಯನ್ನು ದಾಟಲು ಗುಜರಾತು ೨೦೦೫ರ ಡಿಸೆಂಬರ್‌ನಲ್ಲಿ ಐದು ಹಿಂದುಳಿದ ಜಿಲ್ಲೆಗಳಲ್ಲಿ ‘ಚಿರಂಜೀವಿ ಯೋಜನೆ’ಯನ್ನು ಆರಂಭಿಸಿತು. ತಜ್ಞನನ್ನು ಸರಕಾರಿ ಆಸ್ಪತ್ರೆಗೆ ಕರೆತರಲಾಗದಿದ್ದರೆ ಬಡ ಗರ್ಭಿಣಿಯನ್ನು ಖಾಸಗಿ ತಜ್ಞನ ಬಳಿಗೆ ಕಳುಹಿಸಿ, ನೂರು ಹೆರಿಗೆಗಳಿಗೆ ೧,೭೯,೫೦೦ ರೂಪಾಯಿಗಳಂತೆ ಸರಕಾರವೇ ಹಣ ಕೊಡುವುದೆಂಬುದು ಅದರ ತತ್ತ್ವ. ೨೦೦೭ರಲ್ಲಿ ಅದು ರಾಜ್ಯಕ್ಕೆಲ್ಲ ವ್ಯಾಪಿಸಿತು, ಪ್ರಶಂಸೆಯನ್ನೂ ಪಡೆಯಿತು. ಆದರೆ ೨೦೧೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಯೋಜನೆಯಿಂದಲೇ ಆಸ್ಪತ್ರೆಯ ಹೆರಿಗೆಗಳು ಗಣನೀಯವಾಗಿ ಹೆಚ್ಚಿದುವೆಂದು ಹೇಳಲು ಆಧಾರ ಕಾಣದೆಂದಿತು. ಖಾಸಗಿ ಪ್ರಸೂತಿತಜ್ಞರು ಹೆಚ್ಚಾಗಿರುವುದು ಪಟ್ಟಣಗಳಲ್ಲಿ. ಅವರ ಬಾಗಿಲಿಗೆ ಹಣ ಕಟ್ಟಿದರೆ ಬಾಗಿಲು ಹಳ್ಳಿಗೆ ಸರಿದು ಬರುವುದಿಲ್ಲ.

ಮತ್ತೊಂದು ಉಪಾಯ ಮುಚ್ಚಳಿಕೆ. ಗುಜರಾತು, ಕರ್ನಾಟಕ ಮೊದಲಾದ ರಾಜ್ಯಗಳು ಪದವೀಧರರಿಂದಲೂ ಸ್ನಾತಕೋತ್ತರರಿಂದಲೂ ಕಡ್ಡಾಯ ಸೇವೆಯನ್ನು ಬಯಸಿವೆ; ತಪ್ಪಿದರೆ ತೆರಬೇಕಾದ ಹಣ ಲಕ್ಷಗಳಲ್ಲಿದೆ. ಇಂಥ ಕರಾರುಗಳು ಸಿಂಧುವೆಂದು ಸರ್ವೋಚ್ಚ ನ್ಯಾಯಾಲಯವೂ ೨೦೧೯ರ ಆಗಸ್ಟಿನಲ್ಲಿ ತೀರ್ಪಿತ್ತಿದೆ. ಸಾರ್ವಜನಿಕರ ಹಣದಿಂದ ಕಲಿತವನು ಸಾರ್ವಜನಿಕರಿಗೆ ಸ್ವಲ್ಪ ಕಾಲ ದುಡಿಯಬೇಕೆಂಬುದು ನ್ಯಾಯವೇ. ಆದರೆ ವರ್ಷದ ಕೊನೆಯ ದಿನವನ್ನು ಎಣಿಸುತ್ತ ಕುಳಿತ ತಜ್ಞ ಊರಿನವನಾಗುವುದಿಲ್ಲ. ಇನ್ನು ೨೦೦೯ರಲ್ಲಿ ಸ್ಥಾಪಿತವಾದ ಗುಜರಾತ್ ವೈದ್ಯಕೀಯ ಶಿಕ್ಷಣ ಮತ್ತು ಸಂಶೋಧನಾ ಸೊಸೈಟಿ ಅಹಮದಾಬಾದಿನ ಸೋಲಾ, ವಡೋದರಾದ ಗೋತ್ರಿ ಮೊದಲಾದೆಡೆಗಳಲ್ಲಿ ಕಾಲೇಜುಗಳನ್ನು ತೆರೆದು ಬೋಧನಾ ಆಸ್ಪತ್ರೆಗಳ ಸಂಖ್ಯೆಯನ್ನು ಹೆಚ್ಚಿಸಿತು. ಜಿಲ್ಲಾ ಸ್ಥಳಗಳಿಗೆ ಬೋಧನೆ ಹೋದರೆ ತಜ್ಞರೂ ಹೋಗುತ್ತಾರೆಂಬ ವಡೋದರಾ, ಸೂರತ್ತುಗಳ ಪಾಠ ಇದರ ಹಿಂದಿದೆ. ಆದರೆ ನೇಮಕ ಭದ್ರವಾಗಿ, ಅಧ್ಯಾಪಕನು ಒಂದೆಡೆ ನಿಂತು ಶಿಷ್ಯರನ್ನು ಬೆಳೆಸುವಂತಾದರೆ ಮಾತ್ರ ಆ ಪಾಠ ಫಲಿಸೀತು.

ಒಬ್ಬ ತಜ್ಞನನ್ನು ಏಕಾಕಿಯಾಗಿ ಕಳುಹಿಸುವುದೂ ವ್ಯರ್ಥವೇ. ಅರಿವಳಿಕೆ ಕೊಡುವವನಿಲ್ಲದೆ ಶಸ್ತ್ರವೈದ್ಯನ ಕೈ ಕಟ್ಟಿದಂತೆ. ರಕ್ತವಿಲ್ಲದೆ ಪ್ರಸೂತಿತಜ್ಞೆ ಕಣ್ಣೆದುರಿನ ಸಾವನ್ನು ನೋಡುತ್ತ ನಿಲ್ಲಬೇಕು. ಎಂ. ಬಿ. ಬಿ. ಎಸ್. ವೈದ್ಯರಿಗೆ ಹದಿನೆಂಟು ವಾರಗಳ ಅರಿವಳಿಕೆ ಶಿಕ್ಷಣ ಕೊಡುವ ಕೇಂದ್ರ ಸರಕಾರದ ಕ್ರಮ ಹುಟ್ಟಿದುದು ಈ ಅನುಭವದಿಂದಲೇ. ಕರ್ನಾಟಕ ೨೦೧೧ರಲ್ಲಿ ವೈದ್ಯಾಧಿಕಾರಿಗಳ ವರ್ಗಾವಣೆಯನ್ನು ಕಾಯಿದೆಯ ಕಟ್ಟಿಗೆ ತಂದುದನ್ನೂ ಇಲ್ಲಿ ಸ್ಮರಿಸಬಹುದು. ದೂರದ ಊರಿನಲ್ಲಿ ಇಂತಿಷ್ಟು ವರ್ಷ ದುಡಿದ ಮೇಲೆ ನನ್ನ ಸರದಿ ತಪ್ಪದೆ ಬರುತ್ತದೆಂಬ ನಂಬಿಕೆಯಿದ್ದವನು ಆ ವರ್ಷಗಳನ್ನು ಸಮಾಧಾನದಿಂದ ಕಳೆಯಬಲ್ಲನು. ಶಿಫಾರಸಿನ ಬಲವಿದ್ದವನೇ ನಗರಕ್ಕೆ ಮರಳುವನೆಂದು ಕಂ‌ಡವನು ರಾಜೀನಾಮೆ ಬರೆಯುವನು.

ಈ ಮೂರು ನಗರಗಳ ಇತಿಹಾಸವನ್ನು ಒಟ್ಟಾಗಿ ನೋಡಿದಾಗ ತಜ್ಞನನ್ನು ಉಳಿಸಿದ ಕಾರಣಗಳು ವಿಶದವಾಗುತ್ತವೆ: ವಾಸಕ್ಕೆ ಮನೆ ಮತ್ತು ಊರಿನ ಮರ್ಯಾದೆ, ಕೆಲಸಕ್ಕೆ ತಂಡ ಮತ್ತು ಉಪಕರಣ, ಕಲಿಸಲು ಶಿಷ್ಯರು, ಕಟ್ಟಿದುದನ್ನು ಕಾಯಲು ಅಧಿಕಾರ, ವರ್ಗಾವಣೆಯಲ್ಲಿ ನ್ಯಾಯ. ಸಂಬಳ ಇವುಗಳಿಗೆ ಜೊತೆಯೇ ಹೊರತು ಬದಲಿಯಲ್ಲ.

ಹೊರನಾಡಿಗರಾದ ನಮಗೆ ಇದರಲ್ಲಿ ಎರಡು ಬಗೆಯ ಹೊಣೆಯಿದೆ. ಕೆಲಸ ಹುಡುಕಿಕೊಂಡು ಬಂದ ಊರು ತನ್ನದಾಗುವುದು ಯಾವಾಗ, ಆಗದೆ ಹೋಗುವುದು ಏಕೆ ಎಂಬುದನ್ನು ನಾವು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಅಹಮದಾಬಾದಿಗೆ ಬಂದ ಮೊದಲ ವರ್ಷ ಬಾಡಿಗೆಯ ಮನೆಗಾಗಿ ಅಲೆದುದು, ಹಿಂದಿರುಗಿಬಿಡೋಣವೇ ಎಂದು ಚಿಂತಿಸಿದುದು, ಯಾರೋ ನೆರೆಯವರು ಕೈಹಿಡಿದುದರಿಂದ ಉಳಿದುದು, ಇದು ನಮ್ಮಲ್ಲಿ ಅನೇಕರ ಕಥೆ. ತಾಲ್ಲೂಕಿಗೆ ಹೋದ ತಜ್ಞನೂ ಅಂಥ ಒಬ್ಬ ವಲಸೆಗಾರನೇ. ಎರಡನೆಯದಾಗಿ, ನಮ್ಮ ಮನೆಗಳ ಮಕ್ಕಳು ಇಲ್ಲಿಯ ಕಾಲೇಜುಗಳಲ್ಲಿ ವೈದ್ಯವಿದ್ಯೆ ಕಲಿಯುತ್ತಿದ್ದಾರೆ. ಅವರಲ್ಲಿ ಯಾರಾದರೂ ದಾಹೋದಿಗೋ ಯಾದಗಿರಿಗೋ ಹೋಗುವೆನೆಂದರೆ, ತಡೆಯುವ ಮೊದಲ ಧ್ವನಿ ನಮ್ಮ ಮನೆಯದೇ ಆಗದಿರಲಿ. ಅಸಾರವಾದ ಆ ಸಾಲಿನಲ್ಲಿ ಮುಂಜಾನೆಯೇ ಬಂದು ನಿಂತ ಒಕ್ಕಲಿಗನು ತನ್ನ ಊರಿನಲ್ಲಿಯೇ ಚಿಕಿತ್ಸೆ ಪಡೆಯುವ ದಿನ ಬರಬೇಕಾದರೆ, ಹೋದವರಿಗೆ ಅಲ್ಲೊಂದು ನೆಲೆಯಿರಬೇಕು, ಕಳುಹಿಸುವವರಿಗೆ ಇಲ್ಲೊಂದು ಮನಸ್ಸಿರಬೇಕು.